ಬೋರಲು ಲೋಟ

ನಮ್ಮ ಸೋದರಮಾವ ಯಾರನ್ನೂ ಬೈದವರಲ್ಲ, ಯಾರ ಮಾತಿಗೂ ಅಡ್ಡ ಬಂದವರಲ್ಲ. ಆದರೂ ದಾವಣಗೆರೆಯ ದೊಡ್ಡ ದೊಡ್ಡ ಬಾಯಿಗಳು ಅವರೆದುರು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಅವರ ಆಯುಧ ಒಂದು ಟೀ ಲೋಟ!

ತೊಂಬತ್ತರ ದಶಕದ ಕೊನೆಯ ಮಾತು. ಮಾವನ ಮನೆ ಹರಿಹರದಲ್ಲಿ, ಬಟ್ಟೆ ಅಂಗಡಿ ದಾವಣಗೆರೆಯಲ್ಲಿ. ಅಂಗಡಿ ತೆರೆಯುವ ಮುಂಚೆ ಕೆ.ಬಿ. ಬಡಾವಣೆಯ ಹೋಟೆಲೊಂದರಲ್ಲಿ ಗೆಳೆಯರ ಕೂಟ, ಎಲ್ಲರಿಗೂ ಎರಡು ಸುತ್ತು ಟೀ. ಲೋಟ ಬೋರಲು ಹಾಕಿದವರಿಗೆ ಎರಡನೇ ಸುತ್ತು ಇಲ್ಲ. ಯಾರ ಮಾತಾದರೂ ಒಪ್ಪಿಗೆಯಾಗದಿದ್ದರೆ ಮಾವ ಖಾಲಿ ಲೋಟವನ್ನು ಟಕ್ಕೆಂದು ಬೋರಲು ಹಾಕುತ್ತಿದ್ದರು. ಟೀಗಾಗಿ ಪ್ರಾಣ ಬಿಡುವ ಮನುಷ್ಯ! ಸುಳ್ಳು ಹೇಳಿದವನು ಟೀ ಹೀರುವುದು, ಕೇಳಿದವರು ಬಿಡುವುದು, ಇದೆಂಥ ನ್ಯಾಯ ಎಂದು ಹೇಳಿದವನೇ ನಾಚಿ ಬಾಯಿ ಮುಚ್ಚುತ್ತಿದ್ದ.

ಒಮ್ಮೆ ಮಾಯಕೊಂಡದ ಗೆಳೆಯರೊಬ್ಬರು, "ನಮ್ಮ ಎಮ್ಮೆ ಹಾಲಿನ ಕೆನೆ ಮ್ಯಾಗೆ ಬೆಕ್ಕು ಅಡ್ಡಾಡ್ತೈತೆ, ಮುಳುಗಂಗಿಲ್ಲ" ಎಂದರು. ಟಕ್!

"ಯಾಕ್ರಿ ಯಜಮಾನ್ರೆ, ಟೀ ಸಾಕಾತಾ?" ಎಂದರು ಆ ಗೆಳೆಯರು.

"ಟೀ ಅಲ್ರಿ, ಎಮ್ಮೆ ಸಾಕಾತು!"

ನಾನಾಗ ಪತ್ರಿಕೆಯೊಂದರ ವರದಿಗಾರ. ವಾರದ ಅಂಕಣವನ್ನು ಆ ಕೂಟದಲ್ಲಿ ಓದುತ್ತಿದ್ದೆ. "ಭಾರಿ ಬರದೀರಿ" ಎಂದು ಉಳಿದವರು ಹೊಗಳುವಷ್ಟರಲ್ಲಿ ಟಕ್!

"ಯಾಕ್ ಮಾವ?"

"ಮಳೆ ಬಂತು ಅನ್ನಾಕೆ ಮೋಡದ ವಂಶಾವಳಿ ಎಲ್ಲಾ ಯಾಕೋ ಅಳಿಯಾ?"

ಆ ವಂಶಾವಳಿ ಮರುದಿನವೇ ನನ್ನ ಬರಹದಿಂದ ಗಡೀಪಾರಾಯಿತು. ನನಗಿದ್ದ ಆಸೆ ಒಂದೇ. ಒಮ್ಮೆಯಾದರೂ ನಾನು ಓದಿ ಮುಗಿಸಿದಾಗ ಆ ಲೋಟ ನೆಟ್ಟಗೆ ನಿಂತಿರಬೇಕು.

ಅಷ್ಟರಲ್ಲಿ ಊರಿಗೆ ಸೈಬರ್ ಕೆಫೆ ಬಂತು. ಮಾವನನ್ನು ಕರೆದೊಯ್ದು, ಎಲ್ಲೆಲ್ಲಿಯವರೋ ವಾದ ಮಾಡುವ ಪುಟವೊಂದನ್ನು ತೋರಿಸಿದೆ. ಅವರು ಕಂಪ್ಯೂಟರಿನ ಅಕ್ಕಪಕ್ಕವೆಲ್ಲ ಇಣುಕಿ ನೋಡಿದರು.

"ಇದ್ರಾಗೆ ಲೋಟ ಎಲ್ಲೈತೆ?"

"ಲೋಟ ಇಲ್ಲ ಮಾವ. ಹಿಡಿಸದಿದ್ರೆ ಸುಮ್ನೆ ಮುಂದಕ್ಕೆ ಹೋಗ್ತಾರೆ."

"ಹಂಗಾರೆ ಬರದೋನಿಗೆ ತಪ್ಪು ಹೆಂಗೆ ಗೊತ್ತಾಗ್ಬೇಕು? ಇದು ಬಾಳ ದಿನ ನಡಿಯಂಗಿಲ್ಲ ಬಿಡು!"

ನಡೆಯಿತು. ಲೋಟದ ಬದಲು, ಬರಹ ಹಿಡಿಸದವರು ಒತ್ತಲೆಂದು ಕೆಳಮುಖದ ಬಾಣವೂ ಬಂತು. ಈಗ ನನ್ನ ಬರಹಗಳಿಗೂ ಅದು ಬೀಳುತ್ತದೆ. ಒತ್ತಿದವರು ಯಾರೋ! "ಯಾಕ್ರಿ?" ಎಂದರೆ ಉತ್ತರವಿಲ್ಲ. ಅದಕ್ಕಾಗಿ ಅವರು ಟೀಯನ್ನಂತೂ ಬಿಟ್ಟಿರಲಾರರು.

ಪ್ರತಿ ಬಾಣಕ್ಕೂ ನನಗೆ ದಾವಣಗೆರೆಯ ನನ್ನ ಕೊನೆಯ ಬೆಳಗು ನೆನಪಾಗುತ್ತದೆ. ನನಗೆ ಬೇರೆ ಊರಿಗೆ ವರ್ಗವಾಗಿತ್ತು. ಕೂಟದಲ್ಲಿ ಬೀಳ್ಕೊಡುಗೆಯ ಬರಹ ಓದಿದೆ. ಮಾವನನ್ನು ತುಂಗಭದ್ರೆಗೆ ಹೋಲಿಸಿದ್ದೆ! ಉಳಿದವರು ಚಪ್ಪಾಳೆ ತಟ್ಟಿದರು. ಮಾವ ಲೋಟ ಎತ್ತಿದರು. ಇನ್ನೇನು ಟಕ್ ಎನ್ನಬೇಕು! ಅವರು ಅದನ್ನು ನೆಟ್ಟಗೆ ಮುಂದೆ ಚಾಚಿ, "ಹಾಕಪ್ಪ ಟೀ" ಎಂದರು. ಗೆದ್ದೆ! ಹೊಸ ಊರಿನಲ್ಲಿ ಕಂಡಕಂಡವರಿಗೆಲ್ಲ ಅದನ್ನೇ ಹೇಳಿದೆ.

ಮಾವ ತೀರಿಕೊಂಡ ಮೇಲೆ ಹರಿಹರಕ್ಕೆ ಹೋದಾಗ ಅತ್ತೆಗೂ ಹೇಳಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು.

"ಅವತ್ತು ಮನಿಗೆ ಬಂದು ಏನಂದ್ರು ಗೊತ್ತೇನಪ್ಪಾ? 'ಬರದಿದ್ದು ಚಲೋ ಇರ್ಲಿಲ್ಲ ಕಣೆ. ಹೊಂಟು ನಿಂತ ಹುಡುಗ, ಬೋರ್ಲು ಹಾಕಾಕೆ ಕೈ ಬರ್ಲಿಲ್ಲ' ಅಂದ್ರು."

ಈಗ ಬರೆದು ಮುಗಿಸಿದಾಗಲೆಲ್ಲ ಎದುರಿಗೊಂದು ಖಾಲಿ ಲೋಟ ಇಟ್ಟುಕೊಂಡು ಕೂರುತ್ತೇನೆ. ಅದು ನೆಟ್ಟಗೇ ನಿಂತಿರುತ್ತದೆ.