ರಾಯರ ಸೈಟಿಗೆ ಹೋದ ನುಗ್ಗೆಮರ

ಮನೆಯ ಹತ್ತಿರ ಮರ ಇರುವವರ ಮಾತನ್ನು ನಂಬಬಾರದು. ಬೇವಿನಮರ ಇದ್ದವರು ಎಲ್ಲ ರೋಗಕ್ಕೂ ಬೇವೇ ಮದ್ದು ಅನ್ನುತ್ತಾರೆ, ಸೀಬೆಮರ ಇದ್ದವರು ಸೀಬೆಯ ಚಿಗುರು ಅನ್ನುತ್ತಾರೆ. ನಾನೂ ಅಂದಿದ್ದೇನೆ. ನನ್ನದು ನುಗ್ಗೆಮರ. ಸರಿಯಾಗಿ ಹೇಳಿದರೆ ನನ್ನದೂ ಅಲ್ಲ. ಹೊಲದ ಬದುವಿನಲ್ಲಿ ಕೊಂಬೆ ನೆಟ್ಟವಳು ನಾನು, ಆದರೆ ಜಯನಗರ ಮಾಡುತ್ತೇವೆಂದು ಸರ್ಕಾರದವರು ಬಂದು ಹಗ್ಗ ಹಿಡಿದು ಅಳೆದಾಗ ಹೊಲವೆಲ್ಲ ಸೈಟಾಯಿತು. ಮನೆ ನಮಗೆ ಉಳಿಯಿತು; ಮರ ಎರಡು ಮೊಳದಲ್ಲಿ ಪಕ್ಕದ ಸೈಟಿಗೆ ಹೋಯಿತು. ಅಲ್ಲಿ ಮನೆ ಕಟ್ಟಿಸಿಕೊಂಡು ಬಸವನಗುಡಿಯಿಂದ ಬಂದವರು ರಾಯರು. ಯಾವುದೋ ಕಚೇರಿಯಲ್ಲಿ ಗುಮಾಸ್ತರಿಗೆಲ್ಲ ಮೇಲಿನವರು. ನಡುವೆ ಗೋಡೆ ಎಬ್ಬಿಸಿದರು, ಆದರೂ ಕಾಯಿ ಕಿತ್ತುಕೊಳ್ಳಿ ಅಂದರು.

ಮಳೆ ಶುರುವಾದರೆ ನುಗ್ಗೆಮರಕ್ಕೆ ಕಂಬಳಿಹುಳು ಹತ್ತುತ್ತದೆ. ರಾಯರ ಹೆಂಡತಿ ಪದ್ಮಾವತಮ್ಮ ಅದು ಗೊತ್ತಿಲ್ಲದೆ ಮರಕ್ಕೇ ಹಗ್ಗ ಕಟ್ಟಿ ಬಟ್ಟೆ ಹರವಿದರು. ರಾಯರು ಆ ಅಂಗಿ ತೊಟ್ಟು ಕಚೇರಿಗೆ ಹೋಗಿ, ದೊಡ್ಡ ಸಾಹೇಬರ ಎದುರಿಗೇ ಕೆರೆದುಕೊಳ್ಳುತ್ತ, ಕೈಗೆ ನಿಲುಕದ ಜಾಗವನ್ನು ಬಾಗಿಲಿನ ಚೌಕಟ್ಟಿಗೆ ಉಜ್ಜಿದರಂತೆ. ಸಂಜೆ ಗೋಡೆಯ ಮೇಲೆ ಅವರ ತಲೆ ಕಂಡಿತು.

“ಕೆಂಪಮ್ಮನೋರೆ, ಬರೋ ಭಾನುವಾರ ಆಳು ಕರೆಸ್ತೀನಿ. ಮರ ತೆಗೆಸಿಬಿಡ್ತೀನಿ.”

“ನಿಮ್ ಜಾಗ ಸ್ವಾಮಿ, ತೆಗೆಸಿ,” ಅಂದೆ. ಬೇರೆ ಏನು ಹೇಳಲಿ?

ಮರದ ಮೇಲೆ ನನಗೆ ಪ್ರೀತಿ ಗೀತಿ ಏನೂ ಇರಲಿಲ್ಲ. ಕಷ್ಟ ಇದ್ದದ್ದು ನಮ್ಮ ಯಜಮಾನರದು. ಹೊಲ ಹೋದ ಮೇಲೆ ಅವರಿಗೆ ನೋಡಿಕೊಳ್ಳಲು ಉಳಿದದ್ದು ಅದೊಂದೇ. ಬೆಳಿಗ್ಗೆ ಎದ್ದು ಗೋಡೆಯ ಈಚೆಯಿಂದ ಹೂ ನೋಡುವರು, ಮಧ್ಯಾಹ್ನ ಕಾಯಿ ನೋಡುವರು. ಒಂದು ವಾರ ಜೋರು ಮಳೆ ಹಿಡಿದಾಗ ಒಳಗೆ ಕೂತು, ಸಾರಿಗೆ ಉಪ್ಪು ಯಾವಾಗ ಹಾಕಬೇಕೆಂದು ನನಗೆ ಹೇಳಿಕೊಟ್ಟಿದ್ದರು. ಮರ ಹೋದರೆ ಇಡೀ ವರ್ಷ ನೋಡಿಕೊಳ್ಳಲು ನಾನೇ ಸಿಗುತ್ತಿದ್ದೆ. ಏನಾದರೂ ಮಾಡಲೇಬೇಕಿತ್ತು.

ಮಾರನೆಯ ದಿನ ಪದ್ಮಾವತಮ್ಮ ಗೋಡೆಯ ಆಚೆ ನಿಂತು ತಲೆ ಹಿಡಿದುಕೊಂಡಿದ್ದರು. “ತಲೆ ಸುತ್ತು ಕಣ್ರೀ. ರಕ್ತ ಕಮ್ಮಿ ಅಂತ ಡಾಕ್ಟ್ರು ಟಾನಿಕ್ ಕೊಟ್ಟಿದಾರೆ.”

“ಟಾನಿಕ್ಕು ಯಾಕ್ರಮ್ಮ? ಮನೇಲೇ ನುಗ್ಗೆಸೊಪ್ಪು ಇಟ್ಕೊಂಡು,” ಅಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ರಕ್ತಕ್ಕೆ ಒಳ್ಳೇದು ಅಂದೆ, ಕಣ್ಣಿಗೆ ಅಂದೆ, ಮಂಡಿಗೆ ಅಂದೆ, ಕೂದಲಿಗೂ ಅಂದೆ. ರಾಯರ ತಲೆ ಬೋಳು ಅನ್ನುವುದು ನೆನಪಿತ್ತು.

ಮಾಡಿ ಕೊಡೋಣವೆಂದರೆ ನಮ್ಮ ಮನೆಯಲ್ಲಿ ಬೇಯಿಸಿದ್ದು ಅವರ ಮನೆಗೆ ಹೋಗುವಂತಿಲ್ಲ. ಹಸಿಯದು ಮಾತ್ರ ಗೋಡೆ ದಾಟಬಹುದು. ಹಾಗಾಗಿ ನಾನು ಈಚೆ ಒರಳುಕಲ್ಲು ಹತ್ತಿ ನಿಂತು ಹೇಳಿದೆ, ಅವರು ಆಚೆ ನಿಂತು ಕೇಳಿದರು.

“ಕಡ್ಡಿ ಒಂದೂ ಇರ್ಬಾರ್ದು. ಹೆಸರುಬೇಳೆ ನೆನೆಹಾಕಿ. ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿ.”

“ಅಯ್ಯೋ, ಬೆಳ್ಳುಳ್ಳಿ ನಮ್ಮನೇಲಿ ತರೋದೇ ಇಲ್ವಲ್ಲ.”

“ಇಂಗು ಹಾಕಿ ಬಿಡಿ. ಕಾಯಿತುರಿ ಕೈ ತುಂಬ ಇರ್ಲಿ. ಬೇಯೋವಾಗ ಮುಚ್ಚಳ ಮಾತ್ರ ಮುಚ್ಬೇಡಿ, ಕಹಿ ಆಗತ್ತೆ.”

ಮಡಿಯವರ ಮನೆ. ಅಡುಗೆ ಬೇಯುವಾಗ ಯಾರಾದರೂ ಇಣುಕಿದರೆ ಎಂದು ಪಾತ್ರೆಗೆ ಮುಚ್ಚಳ ಹಾಕಿಯೇ ಅಭ್ಯಾಸ. ಪದ್ಮಾವತಮ್ಮ ಮುಚ್ಚಿಬಿಟ್ಟರು. ಶನಿವಾರ ರಾತ್ರಿಯ ಊಟಕ್ಕೆ ರಾಯರ ತಟ್ಟೆಗೆ ಬಿದ್ದದ್ದು ವಿಷದಂಥ ಕಹಿ. ಗೋಡೆಯ ಆಚೆಯಿಂದ ಅದನ್ನು ಕೇಳಿ ಮರದ ಕಥೆ ಮುಗಿಯಿತು ಅಂದುಕೊಂಡೆ.

ಭಾನುವಾರ ಬೆಳಿಗ್ಗೆ ಆಳು ಕೊಡಲಿ ಹಿಡಿದು ಬಂದ. ರಾಯರು ಅವನನ್ನು ಗೇಟಿನಿಂದಲೇ ಕಳಿಸಿ, ಗೋಡೆಗೆ ಬಂದರು.

“ಇಷ್ಟು ಕಹಿ ಇದೆ ಅಂದ್ರೆ ಔಷಧಿ ಗುಣ ಇರಲೇಬೇಕು ಕೆಂಪಮ್ಮನೋರೆ. ಮರ ಇರ್ಲಿ. ಹುಳಕ್ಕೆ ಏನಾದ್ರೂ ಮಾಡಿ.”

ಹುಳ ಯಜಮಾನರ ಪಾಲಿಗೆ ಬಂತು. ಕೋಲಿಗೆ ಬಟ್ಟೆ ಸುತ್ತಿ, ಸೀಮೆಎಣ್ಣೆ ಅದ್ದಿ, ದೊಂದಿ ಹಿಡಿದು ಹುಳ ಸುಡಲು ಹೊರಟರೆ ಊಟಕ್ಕೆ ಕರೆದರೂ ಬರುತ್ತಿರಲಿಲ್ಲ. ನನ್ನ ಅಡುಗೆಮನೆ ನನಗೆ ಉಳಿಯಿತು. ಪದ್ಮಾವತಮ್ಮನ ತಲೆಸುತ್ತು ನಿಂತಿತು. ಅವರು ಟಾನಿಕ್ಕನ್ನೂ ಬಿಟ್ಟಿರಲಿಲ್ಲ ಅನ್ನುವುದನ್ನು ನಾನು ಯಾರಿಗೂ ಹೇಳಲಿಲ್ಲ.

ತೊಂದರೆ ಆಮೇಲೆ ಬಂತು. ನಾವು ಬೇಯಿಸಿದ್ದು ಅಲ್ಲಿಗೆ ಹೋಗಬಾರದು, ಅವರು ಬೇಯಿಸಿದ್ದು ಇಲ್ಲಿಗೆ ಬರಬಹುದು. ಪ್ರತಿ ಸೋಮವಾರ ಒಂದು ಬಟ್ಟಲು ಪಲ್ಯ ಗೋಡೆ ದಾಟಿ ಬರತೊಡಗಿತು. ಗುಣ ಹೋಗದಿರಲೆಂದು ರಾಯರು ಮುಚ್ಚಳ ಗಟ್ಟಿಯಾಗಿ ಮುಚ್ಚಿಸುತ್ತಿದ್ದರು. ಕೊಟ್ಟು ಹೋಗುವವರೂ ಅಲ್ಲ. ಅಲ್ಲೇ ನಿಂತು, “ನಿಮ್ಮ ಮಂಡಿಗೂ ಒಳ್ಳೇದಲ್ವೆ, ತಿನ್ನಿ,” ಅನ್ನುವರು.

ನಾನು ನುಗ್ಗೆಕಾಯಿ ತಿಂದವಳು. ಸೊಪ್ಪು ಜನ್ಮದಲ್ಲಿ ನುಂಗಿದವಳಲ್ಲ. ಬಾಣಂತನದಲ್ಲಿ ಹಾಲಿಗೆ ಒಳ್ಳೆಯದೆಂದು ಅತ್ತೆ ದಿನಾ ಮಾಡಿ ಕೊಡುತ್ತಿದ್ದರು. ಅವರು ಆ ಕಡೆ ತಿರುಗುವುದೇ ತಡ, ಕಿಟಕಿಯಿಂದ ಹಸುವಿನ ಕಲಗಚ್ಚಿನ ಬಾನಿಗೆ ಸುರಿಯುತ್ತಿದ್ದೆ. ಆ ವರ್ಷ ಹಸು ತುಂಬ ಚೆನ್ನಾಗಿ ಹಾಲು ಕೊಟ್ಟಿತು.

“ಹೇಗಿದೆ?” ಅಂದರು ರಾಯರು.

“ಗುಣ ಇದೆ ಸ್ವಾಮಿ,” ಅಂದು ಬಟ್ಟಲು ಖಾಲಿ ಮಾಡಿದೆ. ಹೊಲ ಹೋದಾಗಲೇ ಹಸುವನ್ನು ಮಾರಿ ಆಗಿತ್ತು.