ವೈದ್ಯರ ಪರವಾಗಿ ರೋಗಿ ಹಾಜರ್

ತರಬೇತಿಗೆ ಹೆಸರು ಕಾಯ್ದಿರಿಸಿದ ವೈದ್ಯರು ಖುದ್ದಾಗಿ ಹಾಜರಾಗತಕ್ಕದ್ದು. ಅವರ ಪರವಾಗಿ ಬೇರೆ ಯಾರೂ ಹಾಜರಾಗತಕ್ಕದ್ದಲ್ಲ. ನಮ್ಮ ಆಸ್ಪತ್ರೆಯ ತರಬೇತಿ ನಿಯಮಾವಳಿಯಲ್ಲಿ ಇದು ಮೊದಲನೆಯದು. ಬರೆದವನು ನಾನೇ. ನಡುವಿನ ಪೂರ್ಣವಿರಾಮವನ್ನು ಹಾಕುವ ಮೊದಲು ಒಂದು ಮಧ್ಯಾಹ್ನ ಪೂರ್ತಿ ಯೋಚಿಸಿದ್ದೆ.

ನಾನು ತರಬೇತಿ ವಿಭಾಗದ ವ್ಯವಸ್ಥಾಪಕ. ಆಸ್ಪತ್ರೆಯ ಕಿರಿಯ ವೈದ್ಯರಿಗೆ ಬೇಕಾದ ತರಬೇತಿಗಳಲ್ಲಿ ಜಾಗ ಕಾಯ್ದಿರಿಸುವುದು ನನ್ನ ಕೆಲಸ. ನನ್ನ ಕೊಠಡಿಯಲ್ಲಿ ಹಿಂದೆ ಮುರಿದ ಕೈಕಾಲಿಗೆ ಪ್ಲಾಸ್ಟರ್ ಹಾಕುತ್ತಿದ್ದರು. ಮೂಲೆಯ ನೀರಿನ ತೊಟ್ಟಿಯನ್ನು ಹಾಗೇ ಉಳಿಸಿಕೊಂಡಿದ್ದೇನೆ. ಬಾಕಿ ಅರ್ಜಿಗಳನ್ನು ಅದರಲ್ಲಿಡುತ್ತೇನೆ.

ಜಾಗ ಕಾಯ್ದಿರಿಸಲು ವಾರ್ಡಿನ ಮುಖ್ಯಸ್ಥರ ಒಪ್ಪಿಗೆ ಬೇಕು. ಪಾಳಿಪಟ್ಟಿ ನೋಡದೆ ಮುಖ್ಯಸ್ಥರು ಒಪ್ಪುವುದಿಲ್ಲ. ಪಾಳಿಪಟ್ಟಿ ಗೋಡೆಗೆ ಹತ್ತುವುದು ಭಾನುವಾರ ಸಂಜೆ. ಕಾಯ್ದಿರಿಸುವಿಕೆ ಮುಗಿಯುವುದು ಅದರ ಹಿಂದಿನ ಶುಕ್ರವಾರ. ಹೀಗಾಗಿ ಯಾವ ವೈದ್ಯರೂ ಕ್ರಮಬದ್ಧವಾಗಿ ಯಾವ ತರಬೇತಿಗೂ ಹೋಗುವಂತಿರಲಿಲ್ಲ. ನಿಯಮಗಳು ಒಂದಕ್ಕೊಂದು ಇಷ್ಟು ಬಿಗಿಯಾಗಿ ಕೂತದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈ ಬಿಗಿಯನ್ನು ಪದೇ ಪದೇ ಸಡಿಲಿಸಲು ಬರುತ್ತಿದ್ದವರು ಒಬ್ಬರೇ. ಎಲ್ಲರೂ ಅವರನ್ನು ಚಿಕ್ಕ ಡಾಕ್ಟರು ಎನ್ನುತ್ತಿದ್ದರು, ಕಿರಿಯರಲ್ಲೇ ಕಿರಿಯರು. ಅವರಿಗೆ ಬೇಕಾಗಿದ್ದದ್ದು ಎದೆಗೆ ನಳಿಕೆ ಹಾಕುವ ತರಬೇತಿ. ಶ್ವಾಸಕೋಶದ ಸುತ್ತ ನೀರು ತುಂಬಿದರೆ ಪಕ್ಕೆಲುಬುಗಳ ನಡುವೆ ನಳಿಕೆ ತೂರಿಸಿ ಅದನ್ನು ಹೊರತೆಗೆಯುತ್ತಾರಂತೆ.

"ಸರ್, ಮುಂದಿನ ತಿಂಗಳಿಂದ ವಾರ್ಡಲ್ಲಿ ನಾನೊಬ್ಬಳೇ ಇರ್ತೀನಿ," ಎಂದರು. "ಯಾರಿಗಾದ್ರೂ ಹಾಕೋ ಪ್ರಸಂಗ ಬಂದ್ರೆ ನನಗೆ ಗೊತ್ತಿಲ್ಲ."

ಗೊತ್ತಿಲ್ಲ ಎಂಬುದು ಸರದಿ ಮೀರಲು ಕಾರಣವಾಗುವುದಿಲ್ಲ, ಗೊತ್ತಿಲ್ಲದವರೇ ಸರದಿಯಲ್ಲಿರುವುದು ಎಂದು ತಿಳಿಸಿ ಅರ್ಜಿಯನ್ನು ತೊಟ್ಟಿಗೆ ಹಾಕಿದೆ.

ಆ ವಾರವೇ ತಪಾಸಣಾ ಸಮಿತಿ ಬಂತು. ತರಬೇತಿಯ ಸಭಾಂಗಣದಲ್ಲಿ ಕುರ್ಚಿ ಖಾಲಿ ಕಂಡರೆ ಆಸ್ಪತ್ರೆಯ ಮಾನ್ಯತೆಗೇ ಸಂಚಕಾರ. ಅಂದಿನ ತರಬೇತಿಯ ವಿಷಯ 'ವೈದ್ಯರ ದಣಿವು ಮತ್ತು ಅದರ ನಿರ್ವಹಣೆ'. ವೈದ್ಯರೆಲ್ಲ ವಾರ್ಡಿನಲ್ಲಿ ದಣಿಯುತ್ತಿದ್ದುದರಿಂದ ಒಬ್ಬರೂ ಬರಲಿಲ್ಲ. ಬಂದವರು ಕಂಡಕ್ಟರ್ ಮಾತ್ರ. ಬಸ್ಸಿನಲ್ಲಿ ಟಿಕೆಟ್ ಕೊಟ್ಟು ನಿವೃತ್ತರಾದವರು, ಕಾಲು ಮುರಿದುಕೊಂಡು ಮೂಳೆ ವಾರ್ಡಿನಲ್ಲಿದ್ದರು. ನಮ್ಮ ಸಭಾಂಗಣದ ಫ್ಯಾನು ಚೆನ್ನಾಗಿ ತಿರುಗುತ್ತದೆಂದು ಯಾರೋ ಹೇಳಿದ್ದರಂತೆ. ಗಾಲಿಕುರ್ಚಿಯನ್ನು ಉರುಳಿಸಿಕೊಂಡು ಬಂದು ಮುಂದಿನ ಸಾಲಿನಲ್ಲಿ ನಿಲ್ಲಿಸಿದರು, ಮೇಜಿನ ಮೇಲಿದ್ದ ವೈದ್ಯರೊಬ್ಬರ ಹೆಸರಿನ ಬಿಲ್ಲೆ ಕೊರಳಿಗೆ ಹಾಕಿಕೊಂಡರು, ಆಮೇಲೆ ವಾರ್ಡಿಗೆ ಹೋಗಿ ಗೆಳೆಯರನ್ನೂ ಕರೆತಂದರು. "ಒಳಗೆ ಹೋಗಿ, ಒಳಗೆ ಹೋಗಿ, ಹಿಂದೆ ಜಾಗ ಇದೆ," ಎಂದು ಅವರು ಹೇಳುತ್ತಿದ್ದುದನ್ನು ನಾನೇ ಕೇಳಿದೆ. ತುಂಬಿದ ಸಭಾಂಗಣ ನೋಡಿ ಸಮಿತಿಗೆ ತೃಪ್ತಿಯಾಯಿತು. ಇಷ್ಟು ದಣಿದಂತೆ ಕಾಣುವ ವೈದ್ಯರನ್ನು ತಾವು ಬೇರೆಲ್ಲೂ ನೋಡಿಲ್ಲ ಎಂದು ಅಧ್ಯಕ್ಷರು ಮರುಗಿದರು.

ನಾನು ಅಕ್ರಮವನ್ನು ಸಹಿಸುವವನಲ್ಲ. ಆದ್ದರಿಂದ ಮರುದಿನವೇ ಅದನ್ನು ಸಕ್ರಮಗೊಳಿಸಿದೆ. ಸೂಚನಾ ಫಲಕದಲ್ಲಿ ಹೀಗೆ ಪ್ರಕಟವಾಯಿತು: 'ರೋಗಿಯು ವೈದ್ಯರ ಹೊಣೆಯಲ್ಲಿರುವುದರಿಂದ, ಸದರಿ ರೋಗಿಯ ಹಾಜರಿಯನ್ನು ಸದರಿ ವೈದ್ಯರ ಖುದ್ದು ಹಾಜರಿಯೆಂದೇ ಪರಿಗಣಿಸತಕ್ಕದ್ದು. ಅರಿವಳಿಕೆಯಲ್ಲಿರುವ ರೋಗಿಗಳಿಗೆ ಇದರಿಂದ ವಿನಾಯಿತಿ ಇದೆ.'

ಆಸ್ಪತ್ರೆಯಲ್ಲಿ ಬಿಡುವಿರುವುದು ರೋಗಿಗಳಿಗೆ ಮಾತ್ರ ಎಂಬ ಸರಳ ಸತ್ಯ ಅಷ್ಟು ದಿನ ಯಾರಿಗೂ ಹೊಳೆದಿರಲಿಲ್ಲ. ವಿಭಾಗ ಬೆಳೆಯಿತು. ಮೂತ್ರಪಿಂಡದವರು ನಾಯಕತ್ವ ಕಲಿತರು. ಗಂಟಲು ಕಟ್ಟಿದವರು ಸಂವಹನ ಕಲೆಯಲ್ಲಿ ಮೊದಲ ದರ್ಜೆ ಪಡೆದರು. ಗುಣವಾದವರನ್ನೂ ತರಬೇತಿ ಮುಗಿಯುವವರೆಗೆ ಮನೆಗೆ ಕಳಿಸಬಾರದೆಂದು ವಾರ್ಡುಗಳಿಗೆ ಸುತ್ತೋಲೆ ಹೋಯಿತು. ಹಾಸಿಗೆ ಸಾಲದೆ ಹೊಸ ರೋಗಿಗಳು ಮೆಟ್ಟಿಲ ಮೇಲೆ ಕೂತರು. ಅವರ ಹೆಸರನ್ನೂ ಮುಂದಿನ ತಂಡಕ್ಕೆ ಬರೆದುಕೊಂಡೆವು.

ಚಿಕ್ಕ ಡಾಕ್ಟರ ಅರ್ಜಿಯೂ ಮಂಜೂರಾಯಿತು. ತರಬೇತಿಯ ದಿನ ಅವರಿಗೆ ವಾರ್ಡು ಬಿಡಲಾಗಲಿಲ್ಲ, ಅವರ ಪರವಾಗಿ ಕಂಡಕ್ಟರ್ ಹೋದರು. ಪ್ರಮಾಣಪತ್ರವನ್ನು ನಾನೇ ಒಯ್ದು ಕೊಟ್ಟೆ.

"ನಾನು ಹೋಗ್ಲೇ ಇಲ್ವಲ್ಲ ಸರ್?"

ಹಾಜರಿಯಲ್ಲಿ ಒಂದು ನಿಮಿಷದ ಕೊರತೆಯೂ ಇಲ್ಲ ಎಂದು ಸಮಾಧಾನ ಹೇಳಿದೆ. ಇನ್ನೊಮ್ಮೆ ಅರ್ಜಿ ಹಾಕುತ್ತೇನೆ ಎಂದರು. ತೇರ್ಗಡೆಯಾದವರು ಅದೇ ತರಬೇತಿಗೆ ಮತ್ತೆ ಬರುವಂತಿಲ್ಲ ಎಂಬ ನಿಯಮ ತೋರಿಸಿದೆ. ಅದನ್ನೂ ನಾನೇ ಬರೆದಿದ್ದೆ.

ಇದಾಗಿ ಕೆಲವು ವಾರಗಳಲ್ಲಿ ನನಗೆ ಜ್ವರ ಬಂತು, ಕೆಮ್ಮು ಬಂತು, ಮೆಟ್ಟಿಲು ಹತ್ತಿದರೆ ಏದುಸಿರು ಬಂತು. ರಜೆಯ ಅರ್ಜಿಯನ್ನು ತಪ್ಪಿಲ್ಲದೆ ಬರೆದು ಮುಗಿಸುವಷ್ಟರಲ್ಲಿ ಮಾತಾಡಲೂ ಉಸಿರು ಸಾಲದಾಯಿತು. ಹೆಂಡತಿ ನನ್ನನ್ನು ನಮ್ಮ ಆಸ್ಪತ್ರೆಗೇ ಸೇರಿಸಿದಳು. ಬಲ ಶ್ವಾಸಕೋಶದ ಸುತ್ತ ನೀರು ತುಂಬಿದೆ, ಇವತ್ತೇ ನಳಿಕೆ ಹಾಕಬೇಕು ಎಂದರು ಎಕ್ಸ್‌ರೇ ನೋಡಿದವರು. ವಾರ್ಡಿನಲ್ಲಿ ಇದ್ದವರು ಚಿಕ್ಕ ಡಾಕ್ಟರು ಒಬ್ಬರೇ.

ಹೆಂಡತಿ ನನ್ನ ಕಿವಿಗೆ ಬಾಗಿದಳು. "ರೀ, ಈ ಹುಡುಗಿಗೆ ಬರುತ್ತೇನ್ರೀ?"

"ಪ್ರಮಾಣಪತ್ರ ಇದೆ," ಎಂದೆ.

"ಅದನ್ನ ಕೇಳ್ಲಿಲ್ಲ ನಾನು. ಬರುತ್ತಾ?"

ಪ್ರಮಾಣಪತ್ರದ ಮೇಲಿನ ನನ್ನ ಸಹಿಯನ್ನು ನಾನೇ ಅನುಮಾನಿಸುವುದು ಶಿಸ್ತುಭಂಗ. ಎದೆ ಹೋದರೂ ಶಿಸ್ತು ಉಳಿಯಲಿ ಎಂದು ಒಪ್ಪಿಗೆಪತ್ರಕ್ಕೆ ಸಹಿ ಮಾಡಿದೆ. ನಡುವೆ ಕೆಮ್ಮು ಬಂದದ್ದರಿಂದ ಅಕ್ಷರ ಸ್ವಲ್ಪ ಸೊಟ್ಟಗಾಯಿತು. ಅದಕ್ಕೆ ವಿಷಾದವಿದೆ.

ಅಷ್ಟರಲ್ಲಿ ಸೂಪರಿಂಟೆಂಡೆಂಟರು ನನ್ನನ್ನು ನೋಡಲು ಬಂದರು. ಎದೆಯ ಶಸ್ತ್ರಚಿಕಿತ್ಸೆಯಲ್ಲಿ ಹೆಸರು ಮಾಡಿದವರು. ಈಗ ಸಭೆಗಳಿಂದ ಪುರುಸೊತ್ತಿಲ್ಲ. ತಮಗೆ ನಳಿಕೆ ಹಾಕಲು ಬರುವುದಿಲ್ಲ ಎಂದು ಚಿಕ್ಕ ಡಾಕ್ಟರು ಅವರಿಗೆ ನೇರವಾಗಿ ಹೇಳಿದರು. ಇದು ಹೊಸ ಸಮಸ್ಯೆಯೇನಲ್ಲ, ಕೈ ಒಬ್ಬರದು ಇದೆ, ತರಬೇತಿ ಇನ್ನೊಬ್ಬರದು ಇದೆ, ಎರಡನ್ನೂ ಸೇರಿಸಿದರಾಯಿತು ಎಂದು ಸೂಪರಿಂಟೆಂಡೆಂಟರು ಕಂಡಕ್ಟರನ್ನು ಕರೆಸಿದರು.

ಕಂಡಕ್ಟರ್ ಗಾಲಿಕುರ್ಚಿಯಲ್ಲಿ ಬಂದು ನನ್ನ ಬೆತ್ತಲೆ ಎದೆಯನ್ನು ಅತ್ತಿಂದಿತ್ತ ನೋಡಿದರು.

"ಹೆದರ್ಬೇಡಿ ಸಾರ್, ನಾನಿದ್ದೀನಿ. ಆದ್ರೆ ತರಬೇತೀಲಿದ್ದ ನಮ್ಮ ರಬ್ಬರ್ ಮನುಷ್ಯನಿಗೆ ಇಲ್ಲೆಲ್ಲೋ ಒಂದು ಹಸಿರು ಚುಕ್ಕೆ ಇತ್ತು. ನಿಮಗೆ ಕಾಣಿಸ್ತಿಲ್ವಲ್ಲ."

ಚುಕ್ಕೆ ಇಲ್ಲದಿರುವುದು ರೋಗಿಯ ಕಡೆಯ ಲೋಪವೆಂದು ಸೂಪರಿಂಟೆಂಡೆಂಟರು ಅಭಿಪ್ರಾಯಪಟ್ಟರು. ನಾನೂ ಒಪ್ಪಿದೆ. ಸಿಸ್ಟರ್ ಹಸಿರು ಪೆನ್ನು ಹುಡುಕಿ ತಂದರು. ಎಲ್ಲಿ ಇಡಬೇಕೆಂದು ಕಂಡಕ್ಟರ್ ಎರಡು ಜಾಗ ಸೂಚಿಸಿದರು, ಯಾವುದಾದರೂ ನಡೆಯುತ್ತದೆ ಎಂದರು. ಸುತ್ತಲಿನ ಹಾಸಿಗೆಯವರು, ತಲೆಗೊಂದರಂತೆ ತರಬೇತಿ ಪಡೆದವರು, ತಲೆಯಾಡಿಸಿದರು. ನನ್ನ ಹೆಂಡತಿ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

"ಎಲ್ಲ ಸಿದ್ಧ ಇದೆ. ಶುರು ಮಾಡಮ್ಮ," ಎಂದರು ಸೂಪರಿಂಟೆಂಡೆಂಟರು. "ನನಗೆ ತರಬೇತಿ ಗುಣಮಟ್ಟದ ಸಭೆ ಇದೆ."

"ಮಾಡಲ್ಲ ಸರ್."

"ಮಾಡಲ್ಲ ಅಂದ್ರೆ? ನಿನ್ನ ಕಡತ ಪಕ್ಕಾ ಇದೆ."

"ಕಡತಕ್ಕೆ ಉಸಿರು ಕಟ್ಟಿಲ್ಲ ಸರ್. ಇವರಿಗೆ ಕಟ್ಟಿದೆ. ನೀವು ಹಾಕಿ. ನಾನು ಪಕ್ಕದಲ್ಲಿ ನಿಂತು ಕಲೀತೀನಿ."

ಇಂಥ ವರ್ತನೆಗೆ ಯಾವ ನಿಯಮದಡಿ ನೋಟಿಸು ಕೊಡಬೇಕೆಂದು ಸೂಪರಿಂಟೆಂಡೆಂಟರು ನನ್ನ ಕಡೆ ನೋಡಿದರು. ನಿಯಮ ನನಗೆ ಬಾಯಿಪಾಠವಿತ್ತು, ಹೇಳಲು ಉಸಿರಿರಲಿಲ್ಲ.

ಚಿಕ್ಕ ಡಾಕ್ಟರು ಕಂಡಕ್ಟರ ಗಾಲಿಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರು. ತಮ್ಮ ಕೈಗವಸು ಬಿಚ್ಚಿ ಬುಟ್ಟಿಗೆ ಹಾಕಿದರು. ಕಪಾಟಿನಿಂದ ದೊಡ್ಡ ಅಳತೆಯ ಹೊಸ ಜೋಡಿಯೊಂದನ್ನು ತೆಗೆದು, ಪೊಟ್ಟಣ ಹರಿದು, ಸೂಪರಿಂಟೆಂಡೆಂಟರ ಮುಂದೆ ಹಿಡಿದರು. ಹಿಡಿದ ಕೈ ಕೆಳಗಿಳಿಸಲಿಲ್ಲ.