ಹಲ್ಲು ಕಂಡರೆ ಕ್ಲಿಕ್!

ಕಂಡಕ್ಟರ್ ಹೋದ ಭಾನುವಾರ ಮಧ್ಯಾಹ್ನ ಆಸ್ಪತ್ರೆಯಲ್ಲಿ ತೀರಿಕೊಂಡ. ಹೃದಯದ ತೊಂದರೆ. ಬಸ್ಸಿನ ಕೆಲಸದಿಂದ ನಿವೃತ್ತನಾಗಿ ಬಹಳ ಕಾಲವಾಗಿದ್ದರೂ ಬೀದಿಗೆಲ್ಲ ಅವನು ಕಂಡಕ್ಟರೇ. ಮನೆಗೆ ಬಂದವರೆಲ್ಲ ಮೊದಲು ಒಂದಿಷ್ಟು ಅಳುತ್ತಾರೆ. ಆಮೇಲೆ ಯಾರಾದರೊಬ್ಬರು ಅವನ ಕ್ಯಾಮೆರಾದ ಸುದ್ದಿ ತೆಗೆಯುತ್ತಾರೆ. ಎಲ್ಲರೂ ನಗುತ್ತಾರೆ, ನಕ್ಕಿದ್ದಕ್ಕೆ ನಾಚಿಕೊಂಡು ಎದ್ದು ಹೋಗುತ್ತಾರೆ. ನಾಚಿಕೊಳ್ಳುವಂಥದ್ದು ಏನೂ ಇಲ್ಲ. ಆ ಕಥೆ ಇರುವುದೇ ನಗುವುದಕ್ಕೆ.

ಅಂಗಡಿಯ ಗಾಜಿನ ಕಪಾಟಿನಲ್ಲಿ ಆ ಕ್ಯಾಮೆರಾ ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ ಕೂತಿತ್ತು. ಸೋಪಿನ ಡಬ್ಬಿಯಷ್ಟು ಗಾತ್ರ, ಬೆನ್ನಿಗೊಂದು ಪುಟ್ಟ ಪರದೆ, ಹೊಟ್ಟೆಯೊಳಗೆ ಗೋಡೆ ಗಡಿಯಾರಕ್ಕೆ ಹಾಕುವಂಥದೇ ಸೆಲ್ಲು. "ಹೊಸದಾಗಿ ಕಲಿಯೋರಿಗೆ ಇದು ಸಾಕು ಸಾರ್," ಎಂದ ಅಂಗಡಿಯವನು. ಕಲಿಯೋರಿಗೆ! ಕಂಡಕ್ಟರನಿಗೆ ಮೈಯೆಲ್ಲ ಉರಿಯಿತು. ಆದರೆ ಮೇಲಿನ ಸಾಲಿನ ಬೆಲೆಗಳನ್ನು ಓದಿದ ಮೇಲೆ ಉರಿ ತಾನಾಗಿ ಇಳಿಯಿತು.

ಮನೆಗೆ ಬಂದವನೇ ನಡುಮನೆಯಲ್ಲಿ ನಿಂತು ಘೋಷಿಸಿದ.

"ನೋಡು, ನಮ್ಮ ಮದುವೆ ಫೋಟೋ ತೆಗೆದವನು ಫೋಟೋಗ್ರಾಫರ್ ಅಲ್ಲ, ಜೈಲಿನ ಕಾವಲುಗಾರ! ಅವನು ಮುಚ್ಚಿಸಿದ ಬಾಯನ್ನ ನಾನು ತೆರೆಸ್ತೀನಿ. ನೀನು ಬಾಯ್ತುಂಬ ನಗ್ತಿರೋ ಫೋಟೋ ಈ ಗೋಡೆ ಮೇಲೆ ಬರದೇ ಇದ್ರೆ ನನ್ನನ್ನ ಕಂಡಕ್ಟರ್ ಅಂತ ಕರೀಬೇಡ!"

"ನಾನ್ಯಾವತ್ತು ಹಾಗೆ ಕರೆದಿದ್ದೀನಿ? 'ರೀ' ಅಂತಾನೇ ಅಲ್ವಾ ಕರೆಯೋದು?" ಎಂದಳು ಹೆಂಡತಿ.

ವಿಷಯ ಇಷ್ಟೇ. ಮದುವೆಯ ದಿನ ಆ ಫೋಟೋಗ್ರಾಫರ್ ಎಲ್ಲರೆದುರಿಗೆ, "ಅಮ್ಮಾ, ಸ್ವಲ್ಪ ಬಾಯಿ ಮುಚ್ಚಿ, ಹಲ್ಲು ಮುಂದೆ ಕಾಣ್ತಿದೆ," ಎಂದಿದ್ದ. ಅಂದಿನಿಂದ ಅವಳಿಗೆ ನಗು ಬಂದ ಕೂಡಲೇ ಬಲಗೈ ಎದ್ದು ಬಾಯಿಗೆ ಬಾಗಿಲು ಹಾಕುತ್ತದೆ. ಹಾಗೆಂದು ನಗುವುದು ಕಡಿಮೆಯೇನಲ್ಲ. ಅವಳು ನಕ್ಕರೆ ಪಕ್ಕದ ಮನೆಯವರೂ ಕಾರಣ ತಿಳಿಯದೆ ನಗಬೇಕು, ಹಾಗೆ ನಗುತ್ತಾಳೆ. ಕಿವಿಗೆ ಹಬ್ಬ, ಕಣ್ಣಿಗೆ ಬರೀ ಬೆರಳು! ಇಷ್ಟು ಕಾಲ ಸಂಸಾರ ಮಾಡಿಯೂ ಹೆಂಡತಿಯ ನಗುವನ್ನು ಪೂರ್ತಿ ಕಂಡಿಲ್ಲವೆನ್ನುವುದೇ ಕಂಡಕ್ಟರನ ಕೊರಗು.

ಕ್ಯಾಮೆರಾದ ತಲೆಯ ಮೇಲೊಂದು ಚಕ್ರ, ಅದರ ತುಂಬ ಚಿತ್ರಗಳು: ಬೆಟ್ಟ, ಹೂವು, ಚಂದ್ರ, ಒಂದು ನಗುವ ಮುಖ. ಕಂಡಕ್ಟರ್ ಧೈರ್ಯವಾಗಿ ನಗುವ ಮುಖಕ್ಕೇ ತಿರುಗಿಸಿ, ಹೆಂಡತಿಯನ್ನು ಕಿಟಕಿಯ ಬೆಳಕಿನಲ್ಲಿ ನಿಲ್ಲಿಸಿ ಗುಂಡಿ ಒತ್ತಿದ. ಒಂದು ಪುಟ್ಟ ದೀಪ ಮಿಣಕ್ ಮಿಣಕ್ ಎಂದಿತೇ ಹೊರತು ಫೋಟೋ ಬೀಳಲಿಲ್ಲ. ಮತ್ತೆ ಒತ್ತಿದ. ಊಹೂಂ!

"ಒಂದು ಹೆಜ್ಜೆ ಮುಂದೆ ಬಾ. ಬಾಗಿಲ ಹತ್ತಿರ ನಿಲ್ಲಬೇಡ, ಒಳಗೆ ಜಾಗ ಇದೆ!"

"ಇದೇನು ಬಸ್ಸಾ? ಒಲೆ ಮೇಲೆ ಹಾಲಿದೆ ರೀ."

ಅವಳ ಮುಖ ಗಂಟಿಕ್ಕಿದಷ್ಟೂ ಕ್ಯಾಮೆರಾ ಕಲ್ಲಾಯಿತು. ಅಷ್ಟರಲ್ಲಿ ಹಾಲು ಉಕ್ಕಿತು. ಕಂಡಕ್ಟರ್ ಕ್ಯಾಮೆರಾ ಎತ್ತಿಕೊಂಡು ಅಂಗಡಿಗೆ ಓಡಿದ.

"ಇದು ಕೆಟ್ಟು ಹೋಗಿದೆ. ಬೇರೆ ಕೊಡಿ!"

ಅಂಗಡಿಯವನು ಚಕ್ರವನ್ನು ನೋಡಿ ಜೋರಾಗಿ ನಕ್ಕ. ಕಂಡಕ್ಟರನ ಕೈಯಲ್ಲಿದ್ದ ಕ್ಯಾಮೆರಾ ತಾನಾಗಿ ಕ್ಲಿಕ್ ಎಂದಿತು! ಕಂಡಕ್ಟರ್ ಹಾವು ಹಿಡಿದವನಂತೆ ಕೈ ಕೊಡವಿದ.

"ಕೆಟ್ಟಿಲ್ಲ ಸಾರ್. ಇದರಲ್ಲಿ ಇಟ್ಟರೆ, ಹಲ್ಲು ಕಾಣೋ ಹಾಗೆ ಯಾರಾದ್ರೂ ನಕ್ಕಾಗ ಅದೇ ಹೊಡ್ಕೊಳ್ಳುತ್ತೆ. ಬೇಡ ಅಂದ್ರೆ ಚಕ್ರ ಒಂದು ಮನೆ ಈ ಕಡೆ ತಿರುಗಿಸಿ, ಮುಗೀತು. ಆಮೇಲೆ ಯಾವ ಮುಖ ಇದ್ರೂ ಹೊಡೆಯುತ್ತೆ."

ತಿರುಗಿಸಿ ತೋರಿಸಿದ. ಕಂಡಕ್ಟರ್ ಕ್ಯಾಮೆರಾವನ್ನು ಕೈಗೆ ತೆಗೆದುಕೊಂಡ. ಕೈ ಅಡ್ಡ ಬಂದರೆ ಬೇಡವೆನ್ನುವ, ಹಲ್ಲು ಕಂಡರೆ ಮಾತ್ರ ಒಪ್ಪುವ ಯಂತ್ರ! ಆ ಹಳೆಯ ಫೋಟೋಗ್ರಾಫರನಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ? ಚಕ್ರವನ್ನು ಮತ್ತೆ ನಗುವ ಮುಖಕ್ಕೇ ತಂದಿಟ್ಟ. ಮನೆಯಲ್ಲಿ ಮಾತ್ರ, "ಅಗ್ಗದ ಕ್ಯಾಮೆರಾ ಕಣೇ, ಇದಕ್ಕೆ ಬರೋದು ಇದೊಂದೇ ವಿದ್ಯೆ. ನೀನು ಕೈ ಇಳಿಸಿ ನಗದೇ ಬೇರೆ ದಾರಿ ಇಲ್ಲ," ಎಂದ.

ಅಲ್ಲಿಂದ ಶುರುವಾಯಿತು ಮಹಾಯುದ್ಧ.

ಅವನ ಲೆಕ್ಕಾಚಾರ ಸರಳ: ಎರಡೂ ಕೈಗೆ ಕೆಲಸ ಕೊಡು, ಆಮೇಲೆ ನಗಿಸು. ಅವಳು ಹಿಟ್ಟು ಕಲಸುವಾಗ ಬಸ್ಸಿನ ಹಳೆಯ ಕಥೆಯೊಂದನ್ನು ಹೇಳಿದ. ಹಿಟ್ಟು ಮೆತ್ತಿದ ಕೈಯೇ ಬಾಯಿಗೆ ಹೋಯಿತು; ಹೆಂಡತಿಗೆ ಬಿಳಿ ಮೀಸೆ ಬಂತು. ಕ್ಯಾಮೆರಾವನ್ನು ಕಿಟಕಿಯಲ್ಲಿಟ್ಟು, ಒದ್ದೆ ಹೊದಿಕೆಯ ಒಂದು ತುದಿ ಅವಳಿಗೆ ಕೊಟ್ಟು, ಇನ್ನೊಂದು ತುದಿ ತಾನು ಹಿಡಿದು ಹಿಂಡುತ್ತ ನಗಿಸಿದ. ಅವಳು ತುದಿ ಬಿಟ್ಟು ಬಾಯಿ ಮುಚ್ಚಿಕೊಂಡಳು. ಎದುರಿನಿಂದ ಎಳೆಯುತ್ತಿದ್ದ ಕಂಡಕ್ಟರ್ ಹಿಂದಕ್ಕೆ ಹೋಗಿ ಬಕೆಟ್ಟಿನಲ್ಲಿ ಆಸೀನನಾದ! ಆಗಂತೂ ಅವಳಿಗೆ ಒಂದು ಕೈ ಸಾಲದೆ ಎರಡೂ ಕೈ ಬೇಕಾಯಿತು.

"ಬಿಟ್ಟುಬಿಡಿ ಅಂದ್ರೆ. ನನ್ನ ಹಲ್ಲು ನೋಡಿ ಏನಾಗಬೇಕು ನಿಮಗೆ? ದಂತವೈದ್ಯರಾ ನೀವು?"

"ಆ ಒಂದು ನಗು ಸಿಕ್ಕಿದ್ರೆ ಈ ಕ್ಯಾಮೆರಾನ ಯಾರಿಗಾದ್ರೂ ದಾನ ಮಾಡ್ತೀನಿ!"

ಹೀಗಿರುವಾಗ ಅವಳ ಅಣ್ಣ ಬಂದ. ತೆರಿಗೆ ಇಲಾಖೆಯಲ್ಲಿ ದೊಡ್ಡ ಅಧಿಕಾರಿಯಾಗಿದ್ದವನು. ಮಡಿಕೆ ಮುರಿಯದ ಬಿಳಿ ಪ್ಯಾಂಟು, ಮಡಿಕೆ ಬಿಚ್ಚದ ಮುಖ. ಅವನು ನಕ್ಕಿದ್ದನ್ನು ಕಂಡವರು ಯಾರೂ ಇರಲಿಲ್ಲ. ಕುರ್ಚಿಯಲ್ಲಿ ನೆಟ್ಟಗೆ ಕೂತು ಸಂಸಾರದಲ್ಲಿ ಶಿಸ್ತು ಎಷ್ಟು ಮುಖ್ಯವೆಂದು ವಿವರಿಸತೊಡಗಿದ. ಅಷ್ಟರಲ್ಲಿ ಹೆಂಡತಿ ತುಂಬಿದ ಟೀ ಲೋಟಗಳ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಅಡುಗೆಮನೆಯಿಂದ ಬಂದಳು.

ಎರಡೂ ಕೈ! ಇಂಥ ಯೋಗ ಮತ್ತೆ ಬಂದೀತೇ? ಕಂಡಕ್ಟರ್ ಮೆಲ್ಲಗೆ ಭಾವನ ಕುರ್ಚಿಯ ಹಿಂದೆ ಹೋಗಿ ನಿಂತ. ಕ್ಯಾಮೆರಾವನ್ನು ಹೆಂಡತಿಯತ್ತ ಹಿಡಿದು, ಕೆನ್ನೆ ಉಬ್ಬಿಸಿ, ಹುಬ್ಬು ಗಂಟಿಕ್ಕಿ, ಭಾವ ಒಂದೊಂದು ಮಾತು ಆಡಿದಾಗಲೂ ಅವನಂತೆಯೇ ತೋರುಬೆರಳು ಆಡಿಸತೊಡಗಿದ.

"ಮನುಷ್ಯನಿಗೆ ಗಾಂಭೀರ್ಯ ಇರಬೇಕು," ಎಂದ ಭಾವ.

ಅಣ್ಣನ ತಲೆಯ ಮೇಲೆ ಇನ್ನೊಬ್ಬ ಅಣ್ಣ ಎದ್ದು ನಿಂತದ್ದನ್ನು ಅವಳು ಕಂಡಳು. ತಡೆದಳು, ತುಟಿ ಕಚ್ಚಿದಳು, ಆಗಲಿಲ್ಲ. ನಗು ಸಿಡಿಯಿತು. ಬಲಗೈ ಬಾಯಿಗೆ ಹಾರಿತು. ತಟ್ಟೆ ಬಿಳಿ ಪ್ಯಾಂಟಿಗೆ ಹಾರಿತು!

ಭಾವ "ಹ್ಹೀಈಈ!" ಎಂದು ನೆಗೆದು ಹಿಂದಕ್ಕೆ ತಿರುಗಿದ. ಬಿಸಿಗೆ ಅವನ ತುಟಿಗಳೆರಡೂ ಕಿವಿಯವರೆಗೆ ಸರಿದು ಮೂವತ್ತೆರಡೂ ಹಲ್ಲು ಹೊರಗೆ ಬಂದಿದ್ದವು. ಕ್ಯಾಮೆರಾಕ್ಕೇನು ಗೊತ್ತು ಪಾಪ? ಎಂಥ ಆನಂದ ಈ ಮನುಷ್ಯನಿಗೆ ಎಂದುಕೊಂಡಿತು. ಕ್ಲಿಕ್! ಕ್ಲಿಕ್! ಕ್ಲಿಕ್!

"ಸುಟ್ಟು ಸಾಯ್ತಿದ್ರೆ ಫೋಟೋ ತೆಗೀತೀಯೇನಯ್ಯಾ!"

"ನಾನಲ್ಲ ಭಾವ, ಅದೇ ತೆಗೀತಿದೆ! ನೀವು ಹಲ್ಲು ಮುಚ್ಚಿಕೊಂಡ್ರೆ ನಿಲ್ಲಿಸುತ್ತೆ!"

ಭಾವ ಕಂಡಕ್ಟರನ ಪೈಜಾಮ ಹಾಕಿಕೊಂಡು ಮನೆಗೆ ಹೋದ. ಬಿಳಿ ಪ್ಯಾಂಟನ್ನು ಒಗೆಯುವ ಭಾಗ್ಯ ಕಂಡಕ್ಟರನಿಗೇ ಬಂತು. ಎಷ್ಟು ತಿಕ್ಕಿದರೂ ಕಲೆ ಹೋಗಲಿಲ್ಲ. ಗೋಡೆಯ ಮೇಲೆ ಹೆಂಡತಿಗೆಂದು ಹೊಡೆದಿದ್ದ ಮೊಳೆಗೆ, ಅವಳ ಹಟದಿಂದ, ಅವಳಣ್ಣನ ಪರಮಾನಂದದ ಫೋಟೋ ಏರಿತು. ನೋಡಿದವರೆಲ್ಲ, "ಎಷ್ಟು ಹಸನ್ಮುಖಿ!" ಎನ್ನುತ್ತಿದ್ದರು.

ಆದರೂ ಬಿಡಲಿಲ್ಲ ಅವನು. ಕ್ಯಾಮೆರಾ ಅಂಗಿಯ ಜೇಬಿನಲ್ಲೇ ಇರುತ್ತಿತ್ತು. ಹಾಲಿನವಳು ನಕ್ಕಳು, ಅಂಚೆಯವನು ನಕ್ಕ, ಬೀದಿಯೇ ಅದರೊಳಗೆ ನಕ್ಕಿತು. ಅವಳದು ಮಾತ್ರ ಬೀಳಲಿಲ್ಲ. ಆಸ್ಪತ್ರೆಗೆ ಸೇರಿಸಿದಾಗಲೂ ಅದು ದಿಂಬಿನ ಪಕ್ಕದಲ್ಲಿತ್ತು.

ಭಾನುವಾರ ಊಟದ ಹೊತ್ತು ಕಳೆದ ಮೇಲೆ ಅವನು ಕೈ ಚಾಚಿ ಕ್ಯಾಮೆರಾ ಕೇಳಿದ. ಅವಳು ಕೊಟ್ಟಳು. ಅವನ ಸಮಾಧಾನಕ್ಕೆಂದು ನಗಲು ನೋಡಿದಳು. ತುಟಿ ನಡುಗಿತೇ ಹೊರತು ನಗು ಬರಲಿಲ್ಲ. ದೀಪ ಮಿಣಕ್ ಮಿಣಕ್ ಎನ್ನುತ್ತಲೇ ಇತ್ತು.

ಕಂಡಕ್ಟರ್ ಹೆಬ್ಬೆರಳಿನಿಂದ ಚಕ್ರವನ್ನು ಒಂದು ಮನೆ ಈಚೆಗೆ ತಿರುಗಿಸಿದ. ದೀಪ ಆರಿತು.

ಅವಳು ನೋಡಿದಳು.

"ಅದನ್ನ ಆರಿಸೋಕೆ ಬರುತ್ತಾ ನಿಮಗೆ?"

"ಬರುತ್ತೆ."

"ಯಾವಾಗಿಂದ?"

"ಅಂಗಡಿಯವನು ಮೊದಲೇ ಹೇಳಿಕೊಟ್ಟಿದ್ದ."

"ಅಯ್ಯೋ ನಿಮ್ಮ! ಹಾಗಾದ್ರೆ ಅಣ್ಣನ ಪ್ಯಾಂಟು?"

"ಸುಮ್ಮನೆ ಹೋಯ್ತು," ಎಂದ ಕಂಡಕ್ಟರ್.

ಅವಳಿಗೆ ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರಿರುವಾಗಲೇ ನಗು ಬಂತು, ಬಂದ ಕೂಡಲೇ ಬಲಗೈ ಬಾಯಿಗೆ ಹೋಯಿತು. ಬೆರಳುಗಳ ಹಿಂದಿನಿಂದಲೇ ಕೇಳಿದಳು:

"ಕೈ ಇಳಿಸಲಾ?"

"ಬೇಡ, ಇರಲಿ," ಎಂದು ಅವನು ಗುಂಡಿ ಒತ್ತಿದ.